ಕಾವಲಿನ ಮೇಲಿನ ಕಣ್ಗಾವಲು: ಕರ್ನಾಟಕದಲ್ಲಿ ಡ್ರೋನಿನ ಚರಿತ್ರೆ

ಮಂಚಿಕೇರಿ, ಶಿರಸಿ ಕಡೆ ಹಿತ್ತಿಲಲ್ಲಿ ತುಡುವೆ ಪೆಟ್ಟಿಗೆ ಇಟ್ಟವರಿಗೆ ಗಂಡುಜೇನು ಹೊಸದಲ್ಲ. ಕೆಲಸದ ಹುಳಕ್ಕಿಂತ ದಪ್ಪ ಮೈ, ಚುಚ್ಚಲು ಮುಳ್ಳಿಲ್ಲ, ಕಣ್ಣು ಮಾತ್ರ ನೆತ್ತಿಯಲ್ಲಿ ಒಂದಕ್ಕೊಂದು ತಾಗುವಷ್ಟು ದೊಡ್ಡದು. ಇಂಗ್ಲಿಷಿನಲ್ಲಿ ಅದರ ಹೆಸರು ಡ್ರೋನ್. 1935ರಲ್ಲಿ ಬ್ರಿಟಿಷರು ಗುಂಡಿನ ಅಭ್ಯಾಸಕ್ಕೆಂದು ಪೈಲಟ್ ಇಲ್ಲದ ವಿಮಾನ ಹಾರಿಸಿ ಅದಕ್ಕೆ ‘ಕ್ವೀನ್ ಬೀ’, ಅಂದರೆ ರಾಣಿಜೇನು, ಎಂದು ಹೆಸರಿಟ್ಟಿದ್ದರು. ಅದರಿಂದ ಸ್ಫೂರ್ತಿ ಪಡೆದ ಅಮೆರಿಕದ ನೌಕಾಪಡೆ ತನ್ನದನ್ನು ಗಂಡುಜೇನು ಎಂದು ಕರೆಯಿತು ಎನ್ನುವುದೇ ಈ ಪದದ ಬಗ್ಗೆ ಹೆಚ್ಚಿನವರು ಕೊಡುವ ವಿವರಣೆ. ಆಗಿನ ಡ್ರೋನಿಗೆ ಕಣ್ಣಿರಲಿಲ್ಲ; ಅದು ಗುಂಡೇಟು ತಿನ್ನಲೆಂದೇ ಹುಟ್ಟಿದ್ದು.

ಕರ್ನಾಟಕದ ಕಥೆ ಶುರುವಾಗುವುದೂ ಹಾಗೆಯೇ. 1959ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ರಕ್ಷಣಾ ಸಂಶೋಧನೆಯ ಡಿಆರ್‌ಡಿಒಗೆ ಸೇರಿದ ಎಡಿಇ, ಅಂದರೆ ವೈಮಾನಿಕ ಅಭಿವೃದ್ಧಿ ಸಂಸ್ಥೆ, ಹೆಸರು ಮಾಡಿದ್ದು ‘ಲಕ್ಷ್ಯ’ ಎಂಬ ಗುರಿವಿಮಾನದಿಂದ. ನೋಡುವ ಕೆಲಸ ಬಂದದ್ದು ಆಮೇಲೆ, ‘ನಿಶಾಂತ್’ ಮೂಲಕ. 1995ರಲ್ಲಿ ಮೊದಲು ಹಾರಿದ ಇದಕ್ಕೆ ಗಾಲಿಯೇ ಇರಲಿಲ್ಲ. ಲಾರಿಯ ಮೇಲಿನ ಹಳಿಯಿಂದ ಕವಣೆಕಲ್ಲಿನಂತೆ ಚಿಮ್ಮಿಸಬೇಕು. ಕೆಲಸ ಮುಗಿದ ಮೇಲೆ ಪ್ಯಾರಾಚೂಟ್ ಬಿಚ್ಚಿ, ಹೊಟ್ಟೆಯಡಿ ಗಾಳಿಚೀಲ ಉಬ್ಬಿಸಿಕೊಂಡು ಎಲ್ಲಾದರೂ ಬಯಲಲ್ಲಿ ಕೂರಬೇಕು. ರನ್‌ವೇ ಬೇಡ ಎನ್ನುವುದು ಅದರ ಹೆಚ್ಚುಗಾರಿಕೆ, ಪ್ರತಿ ಸಲವೂ ಹೀಗೆ ಬಿದ್ದೇ ಇಳಿಯಬೇಕು ಎನ್ನುವುದು ಅದರ ದೌರ್ಬಲ್ಯ. ಸೇನೆ ಕೊಂಡಿದ್ದು ನಾಲ್ಕು. ನಾಲ್ಕೂ ಅಪಘಾತಕ್ಕೀಡಾದವು, 2015ರಲ್ಲಿ ಸೇನೆ ಅದರ ಆಸೆ ಬಿಟ್ಟಿತು.

ಅಷ್ಟರಲ್ಲಿ ‘ರುಸ್ತುಂ’ ಬಂದಿತ್ತು. 1980ರ ದಶಕದಲ್ಲಿ ಬೆಂಗಳೂರಿನ ವಿಮಾನ ಸಂಶೋಧನಾಲಯ ಎನ್‌ಎಎಲ್‌ನಲ್ಲಿ ಹಗುರ ವಿಮಾನವೊಂದನ್ನು ರೂಪಿಸಿದ ಪ್ರೊ. ರುಸ್ತುಂ ದಮಾನಿಯಾ ಅವರ ಹೆಸರದು. ರುಸ್ತುಂ-1ರ ಆಕಾರವೂ ಅವರ ವಿಮಾನದ್ದೇ. 2009ರ ನವೆಂಬರಿನಲ್ಲಿ, ಹೊಸೂರಿನ ಬಳಿ ಮೊದಲ ಹಾರಾಟದ ದಿನವೇ, ಇಳಿಯುವಾಗ ಎತ್ತರದ ಅಂದಾಜು ತಪ್ಪಿ ಅದು ನೆಲಕ್ಕಪ್ಪಳಿಸಿತು. ಮರುವರ್ಷ ಅಕ್ಟೋಬರಿನಲ್ಲಿ ಸರಿಯಾಗಿ ಹಾರಿತು.

ಮುಂದಿನದು ದೊಡ್ಡದು: 20 ಮೀಟರಿಗಿಂತ ಅಗಲದ ರೆಕ್ಕೆ, ಎರಡು ಎಂಜಿನ್. ಮೊದಲು ರುಸ್ತುಂ-2, ಆಮೇಲೆ ‘ತಪಸ್’. ಅದಕ್ಕೆ ನಗರದಾಚೆ ಖಾಲಿ ಆಕಾಶ ಬೇಕಿತ್ತು. ಸಿಕ್ಕಿದ್ದು ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆಯಲ್ಲಿ.

ಆಕಾಶ ಖಾಲಿಯಿತ್ತು, ನೆಲ ಖಾಲಿಯಿರಲಿಲ್ಲ. ಅದು ಅಮೃತಮಹಲ್ ಕಾವಲು. ಹೈದರ್, ಟಿಪ್ಪು ಕಾಲದಲ್ಲಿ ತೋಪು, ಸಾಮಾನು ಎಳೆದ ಎತ್ತಿನ ತಳಿಗೆ ಮೀಸಲಿಟ್ಟ ಹುಲ್ಲುಗಾವಲುಗಳ ಸಾಲಿಗೆ ಸೇರಿದ್ದು. ಅಂದರೆ ಈ ನೆಲಕ್ಕೆ ದಂಡಿನ ನಂಟು ಹೊಸತೇನಲ್ಲ. ಎತ್ತು ಹೋಗಿ ಡ್ರೋನು ಬಂತು, ಅಷ್ಟೆ. ಆದರೆ ಎತ್ತಿನ ಕಾಲ ಮುಗಿದ ಮೇಲೆ ಅಲ್ಲಿ ಸುತ್ತಲ ಹಳ್ಳಿಗಳ ಕುರಿ, ದನ ಮೇಯುತ್ತಿದ್ದವು. ಡಿಆರ್‌ಡಿಒಗೆ 4,290 ಎಕರೆ ಹೋಯಿತು, ಉಳಿದ ಸಂಸ್ಥೆಗಳಿಗೆ ಇನ್ನಷ್ಟು. ಬೇಲಿ, ಗೋಡೆ ಎದ್ದಾಗ ಕುರಿಗಾರರು ಬೀದಿಗಿಳಿದರು. ವ್ಯಾಜ್ಯ ಹಸಿರು ನ್ಯಾಯಮಂಡಳಿಯವರೆಗೂ ಹೋಯಿತು. ತಂತ್ರಜ್ಞಾನದ ಚರಿತ್ರೆ ಬರೆಯುವವರು ಈ ಅಧ್ಯಾಯವನ್ನು ಅಡಿಟಿಪ್ಪಣಿಗೆ ತಳ್ಳುವುದುಂಟು. ಅದು ಸರಿಯಲ್ಲ: ತಪಸ್ ಯಂತ್ರವನ್ನು ಹತ್ತಿರದಿಂದ ಕಂಡವರೆಂದರೆ ಮುಖ್ಯವಾಗಿ ಆ ಸೀಮೆಯ ರೈತರೇ, ಅದೂ ಅದು ಬಿದ್ದಾಗ. 2019ರ ಸೆಪ್ಟೆಂಬರ್ 17ರ ಬೆಳಿಗ್ಗೆ ಜೋಡಿಚಿಕ್ಕೇನಹಳ್ಳಿಯಲ್ಲಿ, 2023ರ ಆಗಸ್ಟ್ 20ರಂದು ಹಿರಿಯೂರು ತಾಲ್ಲೂಕಿನ ವದ್ದಿಕೆರೆಯಲ್ಲಿ. ಎರಡೂ ಸಲ ಜನ ಸುತ್ತುಗಟ್ಟಿ ಮುರಿದ ರೆಕ್ಕೆಯನ್ನೂ ಚೆಲ್ಲಿದ ತಂತಿಯನ್ನೂ ಮೊಬೈಲಿನಲ್ಲಿ ಹಿಡಿದರು.

ಈ ಎರಡು ಪತನಗಳ ನಡುವೆ, 2023ರ ಜೂನ್ 16ರಂದು, ತಪಸ್ ತನ್ನ ನಿಜವಾದ ಕಸುಬು ತೋರಿಸಿತು. ಬೆಳಿಗ್ಗೆ 7.35ಕ್ಕೆ ಚಿತ್ರದುರ್ಗದ ಪರೀಕ್ಷಾ ನೆಲೆಯಿಂದ ಎದ್ದು 20,000 ಅಡಿಗೆ ಏರಿತು. ಅಲ್ಲಿಂದ ಕಾರವಾರದ ನೌಕಾನೆಲೆ 285 ಕಿ.ಮೀ.; ನಕಾಶೆಯಲ್ಲಿ ಗೆರೆ ಎಳೆದರೆ ಅದು ಶಿರಸಿ ಸೀಮೆಯನ್ನೇ ಸವರಿಕೊಂಡು ಘಟ್ಟ ಇಳಿಯುತ್ತದೆ. ಕಾರವಾರದಿಂದ 148 ಕಿ.ಮೀ. ದೂರದಲ್ಲಿದ್ದ ಐಎನ್‌ಎಸ್ ಸುಭದ್ರಾ ಹಡಗು ಅದರ ಲಗಾಮನ್ನು ಕೈಗೆ ತೆಗೆದುಕೊಂಡು 40 ನಿಮಿಷ ನಡೆಸಿ, ಮರಳಿ ನೆಲದವರಿಗೆ ಒಪ್ಪಿಸಿತು. ಒಟ್ಟು ಮೂರೂವರೆ ಗಂಟೆಯ ಹಾರಾಟ.

ಎತ್ತರದ ಗುಟ್ಟು ಇಲ್ಲಿದೆ. ನೇರ ರೇಡಿಯೊ ಸಂಪರ್ಕಕ್ಕೆ ಗುಡ್ಡವೂ ಭೂಮಿಯ ಉಬ್ಬೂ ಅಡ್ಡ. ಕಾಡಿನಲ್ಲಿ ಮೊಬೈಲ್ ಸಿಗ್ನಲ್ಲಿಗಾಗಿ ದಿಬ್ಬ ಹತ್ತುವ ಮಂಚಿಕೇರಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 20,000 ಅಡಿ, ಅಂದರೆ ಆರು ಕಿ.ಮೀ. ಮೇಲಿನಿಂದ ದಿಗಂತ ಸುಮಾರು 280 ಕಿ.ಮೀ. ಆಚೆಗೆ ಸರಿಯುತ್ತದೆ, ಸಹ್ಯಾದ್ರಿ ಕಾಲಡಿಯ ಮಡಿಕೆಯಾಗುತ್ತದೆ. ಅದರಾಚೆಗೆ ಬೇಕಾದರೆ ಉಪಗ್ರಹದ ನೆರವು.

ಕಣ್ಣುಗಳೂ ಹಲವು. ಹಗಲಿಗೆ ಕ್ಯಾಮೆರಾ, ಇರುಳಿಗೆ ಶಾಖ ಗುರುತಿಸುವ ಅತಿಗೆಂಪು ಕ್ಯಾಮೆರಾ. ಮಳೆಗಾಲದ ಮೋಡಕ್ಕೆ ಇವೆರಡೂ ಸೋಲುತ್ತವೆ. ಆಗ ಕೆಲಸಕ್ಕೆ ಬರುವುದು ಸಿಂಥೆಟಿಕ್ ಅಪರ್ಚರ್ ರೇಡಾರ್. ತಾನೇ ಅಲೆ ಕಳಿಸಿ, ಹಾರುತ್ತಾ ಹೋದಂತೆ ಬಂದ ಮರುದನಿಗಳನ್ನೆಲ್ಲ ಕೂಡಿಸಿ ಚಿತ್ರ ಬಿಡಿಸುತ್ತದೆ. ಶತ್ರುವಿನ ರೇಡಾರ್, ವೈರ್‌ಲೆಸ್ ಕದ್ದು ಕೇಳುವ ಉಪಕರಣಕ್ಕೂ ಜಾಗವಿದೆ. ಇಷ್ಟಿದ್ದೂ ದಟ್ಟ ಎಲೆಯ ಮರೆ ಇವಕ್ಕೆ ಕಷ್ಟವೇ: ಮರುಭೂಮಿಯಲ್ಲಿ ಟ್ಯಾಂಕ್ ಹುಡುಕುವ ಕಣ್ಣಿಗೆ ಅಪ್ಪೆಮಿಡಿಯ ಹಳೇ ಮರದಡಿ ನಿಂತವನು ಕಾಣುವುದು ಅನುಮಾನ.

ತಪಸ್ಸಿಗೆ ಪಡೆಗಳು ಇಟ್ಟ ಷರತ್ತು 30,000 ಅಡಿ, 24 ಗಂಟೆ. ಮುಟ್ಟಿದ್ದು 28,000 ಅಡಿ, 18 ಗಂಟೆ. ಕಾವಲಿನ ಕೆಲಸದಲ್ಲಿ ಆ ಆರು ಗಂಟೆ ಸಣ್ಣದಲ್ಲ. ಒಂದು ಇರುಳಿನ ಅರ್ಧವೇ ಹೋಯಿತು. 2011ರಲ್ಲಿ ಮಂಜೂರಾದ ಯೋಜನೆ 2024ರ ಆರಂಭದ ಹೊತ್ತಿಗೆ ಆದ್ಯತೆಯ ‘ಮಿಷನ್ ಮೋಡ್’ ಪಟ್ಟಿಯಿಂದ ಹೊರಬಿತ್ತು. ಅದೇ ವರ್ಷ ಅಕ್ಟೋಬರಿನಲ್ಲಿ ಭಾರತ ಅಮೆರಿಕದಿಂದ 31 ಎಂಕ್ಯೂ-9ಬಿ ಡ್ರೋನ್ ಕೊಳ್ಳುವ ಒಪ್ಪಂದಕ್ಕೆ ಸಹಿ ಹಾಕಿತು. ಅದರಲ್ಲಿ 15 ನೌಕಾಪಡೆಯ ಪಾಲು. ಆ ಡ್ರೋನಿಗೆ ಮುಳ್ಳೂ ಇದೆ.