ಹೋದ ನಾದ, ಉಳಿದ ತಂಬೂರಿ

ಕಂಪ್ಲಿಯಲ್ಲಿದ್ದ ನಮ್ಮ ಸೋದರಮಾವನವರ ತಂಬೂರಿ ಈಗ ಹೊಸಪೇಟೆಯ ನಮ್ಮ ಮನೆಯ ಮೂಲೆಯಲ್ಲಿದೆ. ಊರ ಬಡಗಿ ಕೈಯಾರೆ ಕೆತ್ತಿ ಕೂಡಿಸಿದ ವಾದ್ಯ. ಅಂಗಡಿಯ ನಯ ಅದಕ್ಕಿಲ್ಲ, ನಾದಕ್ಕೆ ಮಾತ್ರ ಕೊರತೆಯಿಲ್ಲ. ಮಾವನವರು ಅದನ್ನು ಹೆಗಲಿಗೊರಗಿಸಿ ತತ್ವಪದ ಹಾಡುತ್ತಿದ್ದರು. ‘ಬರುವ ರಜೆಯಲ್ಲಿ ಧ್ವನಿ ಮುದ್ರಿಸಿಕೊಳ್ಳೋಣ’ ಎಂದು ನಾನು ವರ್ಷವರ್ಷವೂ ಹೇಳುತ್ತಿದ್ದೆ. ರಜೆಗಳು ಬಂದವು, ಮಾವನವರು ಉಳಿಯಲಿಲ್ಲ.

ಹೋದ ತಿಂಗಳು, ತಂಬೂರಿಯ ನಾದವನ್ನಾದರೂ ಹಿಡಿದಿಡೋಣವೆಂದು ಕುಳಿತೆ. ಮೊದಲ ಮುದ್ರಿಕೆಯಲ್ಲಿ ತಂಬೂರಿಗಿಂತ ಪಂಖದ ಸದ್ದೇ ಮುಂದಾಗಿತ್ತು. ಮೊಬೈಲನ್ನು ಮೇಜಿನ ಮೇಲಿಟ್ಟಿದ್ದೆನಾಗಿ ಮೇಜೂ ದನಿಗೂಡಿಸಿತ್ತು, ಬರಿಗೋಡೆಗಳು ಮಾರುಲಿದಿದ್ದವು. ಪಂಖ ನಿಲ್ಲಿಸಿ, ಕಿಟಕಿ ಮುಚ್ಚಿ, ಗೋಡೆಗೆ ಕಂಬಳಿ ಇಳಿಬಿಟ್ಟು, ಮೊಬೈಲನ್ನು ಮಡಿಸಿದ ದುಪ್ಪಟಿಯ ಮೇಲೆ ಒಂದೂವರೆ ಮೊಳ ದೂರದಲ್ಲಿಟ್ಟ ಮೇಲೆ ಜೀವಾಳದ ಝೇಂಕಾರ ನಿಚ್ಚಳವಾಗಿ ಬಂದಿತು. ಮೀಟುವ ಬೆರಳು ಚಿತ್ರದಲ್ಲಿ ಕಾಣಲೆಂದು ಬಾಗಿಲ ಬೆಳಕಿಗೆ ಮುಖಮಾಡಿ ಕುಳಿತುದಾಯಿತು.

ಇಷ್ಟು ಸುಲಭವಾದ ಕೆಲಸ ನಮ್ಮ ಹಿರಿಯರಿಗೆ ಸಾಧ್ಯವಿರಲಿಲ್ಲ. ಅವರು ಮಾಡಿದ ಪ್ರಯತ್ನವಾದರೋ ಸಣ್ಣದಲ್ಲ. ವಿಜಯನಗರದ ಅಳಿಯ ರಾಮರಾಯನ ಆಶ್ರಯದಲ್ಲಿ ರಾಮಾಮಾತ್ಯನು 1550ರಲ್ಲಿ ‘ಸ್ವರಮೇಳಕಲಾನಿಧಿ’ಯನ್ನು ಬರೆದನು. ಅದರಲ್ಲಿ ಶುದ್ಧಮೇಳ, ಮಧ್ಯಮೇಳ, ಅಚ್ಯುತರಾಜೇಂದ್ರಮೇಳ ಎಂಬ ವೀಣೆಗಳ ವಿವರವಿದೆ. ಕೊನೆಯದು ಅಚ್ಯುತರಾಯನ ಹೆಸರಿನದು. ಯಾವ ತಂತಿಗೆ ಯಾವ ಸ್ವರ, ಯಾವ ಮೆಟ್ಟಿಲಲ್ಲಿ ಯಾವ ಸ್ವರ ಎಂಬುದನ್ನೆಲ್ಲ ಆತ ಹೇಳಿದ್ದಾನೆ. ಓದಿ ವೀಣೆಯನ್ನು ಕಟ್ಟಬಹುದು. ಆ ಕಾಲದ ವೈಣಿಕನ ಬೆರಳಿನ ಗಮಕವನ್ನು ಕೇಳಲಾಗದು. ಗ್ರಂಥ ಹುಟ್ಟಿದ 15 ವರ್ಷಕ್ಕೆ, 1565ರಲ್ಲಿ, ನಗರವೇ ಹಾಳಾಯಿತು.

ಚಿತ್ರದ ಕೆಲಸವನ್ನು ಶಿಲ್ಪಿಗಳು ಮಾಡಿದರು. ಹಂಪೆಯ ಹಜಾರರಾಮ ದೇವಾಲಯದ ಪ್ರಾಕಾರದ ಗೋಡೆಯಲ್ಲಿ ಕುಣಿಯುವವರು ಸಾಲುಗಟ್ಟಿದ್ದಾರೆ. ಭಂಗಿ ಕಾಣುತ್ತದೆ, ತಾಳ ಕೇಳುವುದಿಲ್ಲ. ವಿಠ್ಠಲ ದೇವಾಲಯದ ಕಂಬಗಳು ಮಾತ್ರ ಇಂದಿಗೂ ದನಿಗೊಡಬಲ್ಲವು. ಕಲ್ಪಾಕ್ಕಮಿನ ವಿಜ್ಞಾನಿಗಳು ಅವುಗಳ ನಾದವನ್ನು ಮುದ್ರಿಸಿ ಪರೀಕ್ಷಿಸಿ 2008ರಲ್ಲಿ ಪ್ರಕಟಿಸಿದರು: ಕಂಬಗಳು ಟೊಳ್ಳಲ್ಲ, ಗಟ್ಟಿ ಕಲ್ಲೇ ಬಾಗಿ ಕಂಪಿಸಿ ನುಡಿಯುತ್ತದೆ. ಕಂಡಕಂಡವರು ಬಡಿದುನೋಡುವುದನ್ನು ಈಗ ನಿಷೇಧಿಸಿದ್ದಾರೆ. ಅದು ಯುಕ್ತವೇ, ಮುದ್ರಿಕೆಯಿದ್ದರೆ ಕಲ್ಲನ್ನು ನೋಯಿಸದೆ ಕೇಳಬಹುದಲ್ಲ!

ಸಂಡೂರು ತಾಲೂಕಿನ ದರೋಜಿಯ ಈರಮ್ಮನವರನ್ನು ಇಲ್ಲಿ ನೆನೆಯಬೇಕು. ಅಕ್ಷರವರಿಯದ ಆ ಬುರ್ರಕಥಾ ಗಾಯಕಿ ತಂಬೂರಿ ಹಿಡಿದು ದೀರ್ಘ ಕಾವ್ಯಗಳನ್ನು ನೆನಪಿನಿಂದಲೇ ಹಾಡುತ್ತಿದ್ದರು. 1327ರಲ್ಲಿ ಪತನಗೊಂಡ ಕಂಪಿಲಿ ರಾಜ್ಯದ ಕುಮಾರರಾಮನ ಕಥೆಯೂ ಅವುಗಳಲ್ಲೊಂದು. ಅರಸೊತ್ತಿಗೆ ಅಳಿದು ಏಳು ಶತಮಾನ ಸಮೀಪಿಸಿದರೂ ಕಥೆ ಉಳಿದದ್ದು ಇಂಥ ಕಂಠಗಳಿಂದ. 2014ರಲ್ಲಿ ಅವರು ತೀರಿಕೊಂಡರು. ಅವರ ಕಾವ್ಯ ಅಚ್ಚಾಗಿದೆ. ಇದು ಸಂತೋಷದ ಸಂಗತಿ. ಆದರೆ ಸಾಲಿನ ನಡುವೆ ಎಲ್ಲಿ ಉಸಿರು ನಿಂತಿತು, ಬುರ್ರದವರು ಎಲ್ಲಿ ದನಿ ಎತ್ತಿಕೊಂಡರು ಎಂಬುದನ್ನು ಅಚ್ಚಿನ ಮೊಳೆ ಹೇಳಲಾರದು. ಕಾಲೇಜಿನಲ್ಲಿ ಜಾನಪದ ಪಾಠ ಹೇಳುವ ನನ್ನಂಥವನು ಈ ಮಿತಿಯನ್ನು ದಿನವೂ ಕಾಣುತ್ತಾನೆ.

ಪಾಠ ಹೇಳುವವನೇ ಪಾಠ ಕಲಿಯಲಿಲ್ಲವೆಂಬುದು ನನ್ನ ನಾಚಿಕೆ. ಈಗಿನ ಮುದ್ರಿಕೆಯ ಮೊದಲಲ್ಲಿ ಮಾವನವರ ಹೆಸರು, ಊರು, ದಿನಾಂಕ ನುಡಿದಿದ್ದೇನೆ. ಅದರಲ್ಲಿ ಶ್ರುತಿಯಿದೆ, ಹಾಡು ಇಲ್ಲ. ನಿಮ್ಮ ಮನೆಯಲ್ಲಿಯೂ ಹಳೆಯದೊಂದು ವಾದ್ಯ, ಅದನ್ನು ನುಡಿಸಬಲ್ಲ ಹಿರಿಯರೊಬ್ಬರು ಇದ್ದಾರು. ಒಳ್ಳೆಯ ಯಂತ್ರ ಬರಲೆಂದು ಕಾಯಬೇಡಿ. ಈ ಭಾನುವಾರವೇ ಪಂಖ ನಿಲ್ಲಿಸಿ, ಅವರ ಮುಂದೆ ಕುಳಿತುಕೊಳ್ಳಿ.