ಗಬ್ಬರ್ ಸಿಂಗನ ಬಂಡೆ, ನಮ್ಮಜ್ಜಿಯ ಗವಿ

ನಮ್ಮೂರು ಕೆಂಗಲ್ ಹತ್ತಿರ ಅಂದರೆ ಆಫೀಸಿನಲ್ಲಿ ಯಾರಿಗೂ ಗೊತ್ತಾಗುವುದಿಲ್ಲ. ಚನ್ನಪಟ್ಟಣ ಅಂದರೆ ಒಂದಿಬ್ಬರು "ಓ, ಬೊಂಬೆ ಊರಾ" ಅಂತಾರೆ. ರಾಮನಗರ ಅಂದ ತಕ್ಷಣ ಮಾತ್ರ ಎಲ್ಲರ ಮುಖ ಅರಳುತ್ತೆ. "ಅರೇ, ಶೋಲೆ!" ಅಲ್ಲಿಗೆ ಮುಗೀತು. ಚಿಕ್ಕಂದಿನಿಂದ ಬಸ್ಸಿನ ಕಿಟಕಿಯಲ್ಲಿ ನೋಡಿಕೊಂಡು ಬಂದ ಬೆಟ್ಟಗಳು ನಮ್ಮವಲ್ಲ, ಗಬ್ಬರ್ ಸಿಂಗನವು ಅಂತ ನನಗೆ ತಿಳಿದದ್ದೇ ಕೆಲಸಕ್ಕೆ ಸೇರಿದ ಮೇಲೆ :-)

ಮೊನ್ನೆ ನಮ್ಮ ಟೀಮಿನವರು ಅದೇ ಬೆಟ್ಟಗಳಿಗೆ ಒಂದು ದಿನದ ಟೂರ್ ಹಾಕಿದರು. ಗೈಡ್ ಇರ್ತಾನಂತೆ, ಬಂಡೆ ಹತ್ತಿಸ್ತಾನಂತೆ, ಗುಹೆಯೊಳಗೆ ನುಗ್ಗಿಸ್ತಾನಂತೆ, ಮಧ್ಯಾಹ್ನದ ಊಟವೂ ಸೇರಿ ತಲೆಗೆ ಇಂತಿಷ್ಟು. ನಮ್ಮೂರು ನೋಡೋಕೆ ನಾನೇ ದುಡ್ಡು ಕೊಟ್ಟು ಹೋಗಬೇಕಾ ಅಂತ ಮೊದಲು ನಗು ಬಂತು. ಆಮೇಲೆ ಯೋಚಿಸಿದರೆ, ಆ ಬೆಟ್ಟಗಳ ಬಗ್ಗೆ ನನಗೆ ಗೊತ್ತಿದ್ದದ್ದು ಎರಡೇ ವಿಷಯ. ಒಂದು ಶೋಲೆ. ಇನ್ನೊಂದು, ನಮ್ಮಜ್ಜಿ ಹೇಳುತ್ತಿದ್ದ ಒಂದು ಮಾತು: "ನಮ್ಮವ್ವ ಚಿಕ್ಕೋಳಿದ್ದಾಗ ಪ್ಲೇಗು ಬಂದು ಊರೆಲ್ಲ ಬೆಟ್ಟದ ಗವೀಲಿತ್ತು ಕಣ್ಮಗ." ಯಾವ ಗವಿ, ಯಾವ ವರ್ಷ, ಎಷ್ಟು ದಿನ ಅಂತ ನಾನು ಯಾವತ್ತೂ ಕೇಳಿರಲಿಲ್ಲ. ಹೆಸರು ಕೊಟ್ಟೆ.

ಬೆಳಿಗ್ಗೆ ಮೊದಲು ರಾಮದೇವರ ಬೆಟ್ಟ. ಅರಣ್ಯ ಇಲಾಖೆಯ ಗೇಟಿನಲ್ಲಿ ಟಿಕೆಟ್ ತಗೊಂಡು ಮೆಟ್ಟಿಲು ಹತ್ತೋಕೆ ಶುರು ಮಾಡಿದೆವು. ಎಣಿಸಲು ಹೋಗಿ ಅರ್ಧದಲ್ಲೇ ಲೆಕ್ಕ ತಪ್ಪಿತು. ಗೈಡ್ ನಮ್ಮ ಕಡೆಯ ಹುಡುಗನೇ. ನನಗಿಂತ ಐದಾರು ವರ್ಷ ಚಿಕ್ಕವನಿರಬೇಕು. ಪಟಪಟ ಅಂತ ಹಿಂದಿಯಲ್ಲಿ ಶುರುಮಾಡಿದ. ಇಲ್ಲಿ ಠಾಕೂರ್ ಮನೆ, ಅಲ್ಲಿ ನೀರಿನ ಟ್ಯಾಂಕ್, ಆ ಬಂಡೆ ಮೇಲೆ ಗಬ್ಬರ್... ಅವನು ತೋರಿಸಿದ ಕಡೆ ಮನೆಯೂ ಇಲ್ಲ, ಟ್ಯಾಂಕೂ ಇಲ್ಲ. ಬರೀ ಕುರುಚಲು ಗಿಡ. ಆದರೂ ನನ್ನ ಸಹೋದ್ಯೋಗಿಗಳು ಖಾಲಿ ಜಾಗದ ಫೋಟೋ ಹೊಡೆದುಕೊಂಡರು!

ಶೋಲೆಯ ಶೂಟಿಂಗ್ ಶುರುವಾದದ್ದು 1973ರ ಅಕ್ಟೋಬರಿನಲ್ಲಿ. ಕಲಾ ನಿರ್ದೇಶಕ ರಾಮ್ ಯೇಡೇಕರ್ ಬೆಟ್ಟದ ಬುಡದಲ್ಲಿ ಇಡೀ ಒಂದು ಊರನ್ನೇ ಕಟ್ಟಿಸಿದರು. ಸೆಟ್ಟಿಗೆ ಹೋಗಲು ಹೆದ್ದಾರಿಯಿಂದ ರಸ್ತೆಯನ್ನೂ ಹಾಕಿದರು. ಚಿತ್ರ ಬಿಡುಗಡೆಯಾದದ್ದು 1975ರ ಆಗಸ್ಟ್ 15ಕ್ಕೆ. ಎರಡು ವರ್ಷ ನಿಂತಿದ್ದ ಊರಿಗೆ ಐವತ್ತು ವರ್ಷದ ಮೇಲೂ ಗೈಡ್ ಇದ್ದಾನೆ. ಅದಕ್ಕಿಂತ ಎಷ್ಟೋ ಹಿಂದಿನಿಂದ ಅಲ್ಲೇ ಇರುವ ಪಟ್ಟಾಭಿರಾಮನ ಗುಡಿಗೆ ನಮ್ಮ ಗೈಡ್ ಕೊಟ್ಟದ್ದು ಎರಡೇ ವಾಕ್ಯ. ಪಾಪ, ಅವನದೇನೂ ತಪ್ಪಿಲ್ಲ. ನಾವು ಕೇಳಿದ್ದೇ ಅದನ್ನ.

ಆ ಬಂಡೆಗಳ ನಿಜವಾದ ವಾರಸುದಾರರು ತಲೆಯ ಮೇಲೆ ಸುತ್ತುತ್ತಿದ್ದರು. ಉದ್ದ ಕೊಕ್ಕಿನ ರಣಹದ್ದುಗಳು! ನಮಗೆ ಕಂಡದ್ದು ಒಂದು ಜೋಡಿ. ಇವು ಕಡಿದಾದ ಬಂಡೆಯ ಅಂಚಿನಲ್ಲೇ ಗೂಡು ಮಾಡುತ್ತವೆ. ದನಕ್ಕೆ ಕೊಡುತ್ತಿದ್ದ ಡೈಕ್ಲೋಫೆನಾಕ್ ಅನ್ನುವ ನೋವಿನ ಔಷಧಿ, ಸತ್ತ ದನದ ಮಾಂಸದ ಮೂಲಕ ಇವುಗಳ ಹೊಟ್ಟೆ ಸೇರಿ ಮೂತ್ರಪಿಂಡ ಕೆಡಿಸಿತು. 1990ರ ದಶಕದಿಂದ ಈಚೆಗೆ ದೇಶದ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಸತ್ತುಹೋದವು. ದನಕರುಗಳಿಗೆ ಆ ಔಷಧಿ ಕೊಡುವುದನ್ನು 2006ರಲ್ಲಿ ನಿಷೇಧಿಸಿದರು. 2012ರಲ್ಲಿ ಇಲ್ಲಿನ ಸುಮಾರು 346 ಹೆಕ್ಟೇರ್ ಜಾಗವನ್ನು ರಣಹದ್ದು ಧಾಮ ಅಂತ ಘೋಷಿಸಿದರು. ಅದಕ್ಕೇ ಈಗ ಕಂಡಕಂಡ ಬಂಡೆ ಹತ್ತುವ ಹಾಗಿಲ್ಲ.

ಇನ್ನು ಬಂಡೆಗಳ ವಿಷಯ. ಆನೆ ಗಾತ್ರದ ಗುಂಡುಗಳನ್ನ ಒಂದರ ಮೇಲೊಂದು ಯಾರು ತಂದಿಟ್ಟರು? ಯಾರೂ ಇಡಲಿಲ್ಲ. ಭೂಮಿಯ ಒಳಗೆ ಆಳದಲ್ಲಿ ಕರಗಿದ ಶಿಲೆ ನಿಧಾನವಾಗಿ ಆರಿ ಗಟ್ಟಿಯಾಯಿತು. ಮೇಲಿನ ಪದರ ಸವೆದು ಭಾರ ಇಳಿದ ಹಾಗೆ ಬಿರುಕು ಬಿಟ್ಟಿತು. ಬಿರುಕಿನಲ್ಲಿ ನೀರು ಇಳಿದು ಮೂಲೆಗಳನ್ನೆಲ್ಲ ಕರಗಿಸಿ ಮಣ್ಣು ಮಾಡಿತು. ಆ ಮಣ್ಣು ಮಳೆಗೆ ಕೊಚ್ಚಿಹೋಗಿ ಗಟ್ಟಿ ತಿರುಳು ಮಾತ್ರ ಗುಂಡಾಗಿ ಉಳಿಯಿತು. ಅಂದರೆ ಮೇಲಿಂದ ತಂದು ಜೋಡಿಸಿದ್ದಲ್ಲ, ಇದ್ದದ್ದರಲ್ಲಿ ಬೇಡವಾದದ್ದು ಹೋಗಿ ಉಳಿದದ್ದು. ಗುಂಡುಗಳ ಮಧ್ಯೆ ಮಣ್ಣು ಹೋದ ಜಾಗವೇ ಗವಿ.

ಈ ಕಲ್ಲಿಗೆ ಭೂವಿಜ್ಞಾನಿಗಳು ಇಟ್ಟ ಹೆಸರು ಕ್ಲೋಸ್‌ಪೇಟೆ ಗ್ರಾನೈಟ್. ವಯಸ್ಸು ಸುಮಾರು 250 ಕೋಟಿ ವರ್ಷ. (ಡೈನೋಸಾರ್ ಕಾಲ ಮುಗಿದು ಆರೂವರೆ ಕೋಟಿ ವರ್ಷ ಅಷ್ಟೇ ಆಗಿದೆ, ಲೆಕ್ಕ ಹಾಕಿಕೊಳ್ಳಿ!) ದಕ್ಷಿಣದಿಂದ ಉತ್ತರಕ್ಕೆ ಸುಮಾರು 400 ಕಿ.ಮೀ. ಉದ್ದದ ಪಟ್ಟಿಯಂತೆ ಇದು ಹಬ್ಬಿದೆ.

ಕ್ಲೋಸ್‌ಪೇಟೆ ಅಂದರೆ ಬೇರೆ ಯಾವ ಊರೂ ಅಲ್ಲ, ರಾಮನಗರವೇ. ಟಿಪ್ಪುವಿನ ಕಾಲದಲ್ಲಿ ಶಂಸೇರಾಬಾದ್ ಅನ್ನುತ್ತಿದ್ದರಂತೆ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರಿಗೆ ಬ್ರಿಟಿಷ್ ರೆಸಿಡೆಂಟ್ ಆಗಿ ಬಂದವನು ಬ್ಯಾರಿ ಕ್ಲೋಸ್. ಕಾಡು ಬೆಟ್ಟಗಳ ನಡುವೆ ಹೋಗುವ ದಾರಿಗೆ ರಕ್ಷಣೆ ಇರಲಿ ಅಂತ 1800ರ ಸುಮಾರಿಗೆ ದಿವಾನ್ ಪೂರ್ಣಯ್ಯ ಇಲ್ಲಿ ಪೇಟೆ ಕಟ್ಟಿಸಿ, ಅದಕ್ಕೆ ಅವನ ಹೆಸರಿಟ್ಟರು. ಸ್ವಾತಂತ್ರ್ಯ ಬಂದ ಮೇಲೆ ಊರು ರಾಮನಗರವಾಯಿತು. 2007ರಲ್ಲಿ ಜಿಲ್ಲೆಯಾಯಿತು. 2025ರ ಮೇ ತಿಂಗಳಲ್ಲಿ ಆ ಜಿಲ್ಲೆಗೆ ಬೆಂಗಳೂರು ದಕ್ಷಿಣ ಅಂತ ಹೆಸರಿಡಲು ರಾಜ್ಯ ಸಚಿವ ಸಂಪುಟ ಒಪ್ಪಿತು. ಊರು ಬಿಟ್ಟ ಹೆಸರನ್ನ ಕಲ್ಲು ಮಾತ್ರ ಬಿಟ್ಟಿಲ್ಲ. ನಮ್ಮ ಕೋಡಿನಲ್ಲೂ ಹೀಗೇ. ಪ್ರಾಜೆಕ್ಟಿನ ಹೆಸರು ನಾಲ್ಕು ಸಲ ಬದಲಾದರೂ ಹಳೇ ಹೆಸರು ಯಾವುದೋ ಮೂಲೆಯ ಫೈಲಿನಲ್ಲಿ ಕೂತುಬಿಟ್ಟಿರುತ್ತೆ. ತೆಗೆಯೋಕೆ ಯಾರಿಗೂ ಧೈರ್ಯ ಇರೋದಿಲ್ಲ :-)

ಸಿನಿಮಾದವರು ಇಟ್ಟ ಹೆಸರುಗಳು ಬೇರೆ. ರಾಮ್‌ಗಢ ಒಂದೇ ಅಲ್ಲ. ಇ. ಎಂ. ಫಾರ್ಸ್ಟರ್ 1924ರಲ್ಲಿ ಬರೆದ 'ಎ ಪ್ಯಾಸೇಜ್ ಟು ಇಂಡಿಯಾ' ಕಾದಂಬರಿಯನ್ನ ಡೇವಿಡ್ ಲೀನ್ ಸಿನಿಮಾ ಮಾಡಿದರು. 1984ರಲ್ಲಿ ಬಂತು. ಡಾಕ್ಟರ್ ಅಜೀಜ್ ಇಬ್ಬರು ಇಂಗ್ಲಿಷ್ ಹೆಂಗಸರನ್ನ ಮರಬಾರ್ ಗುಹೆ ತೋರಿಸಲು ಕರೆದುಕೊಂಡು ಹೋಗುತ್ತಾನೆ. ಒಂದು ದಿನದ ಟೂರ್, ಥೇಟ್ ನಮ್ಮದರ ಹಾಗೇ! ಆ ಕಲ್ಪನೆಗೆ ಮೂಲ ಬಿಹಾರದ ಬರಾಬರ್ ಗುಹೆಗಳು. ಕ್ರಿ.ಪೂ. 3ನೇ ಶತಮಾನದಲ್ಲಿ ಅಶೋಕ ಆಜೀವಿಕ ಸನ್ಯಾಸಿಗಳ ವಾಸಕ್ಕೆ ಕೊಟ್ಟವು. ಲೀನ್ ಹೋಗಿ ನೋಡಿದರೆ ಆ ಜಾಗ ಅವರಿಗೆ ಸಪ್ಪೆ ಅನ್ನಿಸಿತು. ನಮ್ಮ ರಾಮದೇವರ ಬೆಟ್ಟಕ್ಕೂ ಮಾಗಡಿಯ ಸಾವನದುರ್ಗಕ್ಕೂ ಬಂದರು. ಬಂಡೆ ಬೇಕಾದಷ್ಟಿತ್ತು, ಬೇಕಾದಂಥ ಗುಹೆ ಇರಲಿಲ್ಲ. ಬಂಡೆಯಲ್ಲಿ ಗುಹೆಯ ಬಾಯಿಗಳನ್ನ ಕೊರೆಸಿದರು. ಯಾರೂ ವಾಸ ಮಾಡದ ಗುಹೆಗೆ ಬಾಗಿಲು ಮಾತ್ರ.

ರಾಮದೇವರ ಬೆಟ್ಟ ಇಳಿದು ರೇವಣಸಿದ್ದೇಶ್ವರ ಬೆಟ್ಟಕ್ಕೆ ಹೋದೆವು. ಅಲ್ಲಿ ಬಂಡೆಯ ಅಡಿಯಲ್ಲಿ ಗುಹೆಯಂಥ ಗುಡಿ ಇದೆ. ರೇವಣಸಿದ್ದರು ಇಲ್ಲಿ ತಪಸ್ಸು ಮಾಡಿದರು ಅಂತ ಪ್ರತೀತಿ. ಬೆಟ್ಟದ ಮೇಲೆ ನಿಂತು ಗೈಡ್ ಕನಕಪುರದ ಕಡೆಗೆ ಕೈ ತೋರಿಸಿ "ಆ ಕಡೆ ಕಬ್ಬಾಳದುರ್ಗ, ರಾಜನ್ನ ಜೈಲಿಗೆ ಹಾಕಿದ್ದ ಜಾಗ" ಅಂದ. ಅದು ನಿಜ. 1734ರಲ್ಲಿ ಮೈಸೂರಿನ ದಳವಾಯಿಗಳು ಚಾಮರಾಜ ಒಡೆಯರನ್ನು ಪಟ್ಟದಿಂದ ಇಳಿಸಿ ಕಬ್ಬಾಳದುರ್ಗದಲ್ಲಿ ಇಟ್ಟರು. ಅವರು ಅಲ್ಲೇ ತೀರಿಕೊಂಡರು. ಗೈಡ್ ಹೇಳದ ಇನ್ನೊಂದು ವಿಷಯ ನಾನು ಸೇರಿಸುತ್ತೇನೆ. ಭೂವಿಜ್ಞಾನ ಓದಿದವರಿಗೆ ಕಬ್ಬಾಳ ಪ್ರಪಂಚಪ್ರಸಿದ್ಧ. ಒಂದು ಜಾತಿಯ ಕಲ್ಲು ಇನ್ನೊಂದು ಜಾತಿಯಾಗಿ, ಚಾರ್ನೊಕೈಟ್ ಆಗಿ, ಬದಲಾಗುತ್ತಾ ಅರ್ಧಕ್ಕೇ ನಿಂತದ್ದನ್ನ ಅಲ್ಲಿ ಕಣ್ಣಾರೆ ನೋಡಬಹುದು. 1960ರಲ್ಲಿ ನಮ್ಮವರೇ ಆದ ಸಿ. ಎಸ್. ಪಿಚ್ಚಮುತ್ತು ಇದನ್ನ 'ನೇಚರ್' ಪತ್ರಿಕೆಯಲ್ಲಿ ಬರೆದರು. ಚಾರ್ನೊಕೈಟ್ ಅನ್ನುವ ಹೆಸರಾದರೂ ಎಲ್ಲಿಂದ ಬಂತು? ಕಲ್ಕತ್ತೆಯ ಜಾಬ್ ಚಾರ್ನೊಕ್ ಸಮಾಧಿಯ ಕಲ್ಲಿನಿಂದ. ಎರಡು ಕಲ್ಲು, ಎರಡಕ್ಕೂ ಈಸ್ಟ್ ಇಂಡಿಯಾ ಕಂಪನಿಯವರ ಹೆಸರು!

ಊಟ ಆದ ಮೇಲೆ ಕೊನೆಯ ಐಟಂ, ಗುಹೆಯೊಳಗೆ ನುಗ್ಗುವುದು. ಎರಡು ದೊಡ್ಡ ಗುಂಡುಗಳ ಸಂದಿ. ಮೊದಲು ಬಗ್ಗಬೇಕು, ಆಮೇಲೆ ತೆವಳಬೇಕು. ದಾಟಿದರೆ ಹತ್ತು ಹದಿನೈದು ಜನ ಕೂರುವಷ್ಟು ಜಾಗ. ಹೊರಗೆ ಉರಿಬಿಸಿಲು, ಒಳಗೆ ಮಡಕೆಯ ನೀರಿನಷ್ಟು ತಂಪು. ಮೊಬೈಲ್ ಲೈಟು ಹಾಕಿ ಮೇಲೆ ನೋಡಿದೆ. ಬಂಡೆಯ ಒಂದು ಮೂಲೆ ಕಪ್ಪಗಿತ್ತು. ಬೆರಳು ಹಾಕಿ ಒರೆಸಿದರೆ ಬರುವ ಕಪ್ಪಲ್ಲ, ಕಲ್ಲಿನೊಳಕ್ಕೇ ಇಳಿದ ಹೊಗೆ.

"ಏನಿದು?" ಅಂತ ಕನ್ನಡದಲ್ಲೇ ಕೇಳಿದೆ.

"ಶೋಲೆ ಟೈಮಲ್ಲಿ ಅಡುಗೆ ಮಾಡಿರ್ಬೇಕು ಸಾರ್" ಅಂದ.

ನನ್ನ ಎದೆಯೊಳಗೆ ಏನೋ ಚುಚ್ಚಿದ ಹಾಗಾಯಿತು. ಮಸಿಯನ್ನೂ ಬಿಡಲಿಲ್ಲವಲ್ಲ ಈ ಸಿನಿಮಾ!

ಟೂರ್ ಕೊನೆಗೆ ಕೆಂಗಲ್ ಆಂಜನೇಯನ ಗುಡಿ. ನಾನು ಅಲ್ಲೇ ಉಳಿದುಕೊಂಡೆ, ಉಳಿದವರು ಬೆಂಗಳೂರಿಗೆ ಹೊರಟರು. ಮೂರ್ತಿಯ ಕಲ್ಲು ಕೆಂಪು, ಅದಕ್ಕೇ ಕೆಂಗಲ್ಲು ಅಂತ ನಮ್ಮ ಕಡೆ ಹೇಳುತ್ತಾರೆ. ವಿಧಾನಸೌಧ ಕಟ್ಟಿಸಿದ ಹನುಮಂತಯ್ಯನವರ ಹೆಸರಿನ ಹಿಂದೆ ಇರುವುದು ಇದೇ ಕೆಂಗಲ್. ಆ ಸೌಧದ ಅಲಂಕಾರಕ್ಕೂ ಮಾಗಡಿಯ ಗುಲಾಬಿ ಕಲ್ಲು ಹೋಗಿದೆ. 2023ರಲ್ಲಿ ಹೊಸ ಹೆದ್ದಾರಿ ಪೂರ್ತಿ ತೆರೆದ ಮೇಲೆ ಮೈಸೂರಿಗೆ ಹೋಗುವ ಕಾರುಗಳು ಬೈಪಾಸಿನಲ್ಲೇ ಹೋಗಿಬಿಡುತ್ತವೆ. ಗುಡಿ ಹಳೇ ರಸ್ತೆಯಲ್ಲಿ ಮೊದಲಿಗಿಂತ ನೆಮ್ಮದಿಯಾಗಿದೆ.

ಅಲ್ಲಿಂದ ಊರಿಗೆ ಹೋದೆ. ಅಜ್ಜಿಗೆ ಈಗ ಎಂಬತ್ತು ದಾಟಿದೆ. ಜಗಲಿಯಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಗುಹೆ, ಮಸಿ, ಗೈಡ್ ಹೇಳಿದ್ದು ಎಲ್ಲಾ ಹೇಳಿದೆ. ಅಜ್ಜಿ ನಕ್ಕಳು.

"ಶೂಟಿಂಗ್‌ನೋರು ಗವೀಲಿ ಯಾಕ್ ಬೇಯ್ಸ್ಕಂತಾರೆ? ಅವ್ರಿಗೆ ಓಟ್ಲು ಇರಾಕಿಲ್ವಾ? ಗತಿ ಇಲ್ದೋರು ಕಣ್ಮಗ ಗವೀಲಿ ಒಲೆ ಊಡೋದು."

ಅವತ್ತು ಮೊದಲ ಸಲ ನಾನು ಪೂರ್ತಿ ಕೇಳಿದೆ. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗ್ ಆಮೇಲೆ ಹಲವು ದಶಕ ಹಳೇ ಮೈಸೂರು ಸೀಮೆಯಲ್ಲಿ ಬಂದು ಹೋಗಿ ಮಾಡುತ್ತಲೇ ಇತ್ತು. ಮನೆಯಲ್ಲಿ ಇಲಿ ಸತ್ತು ಬಿದ್ದರೆ ಊರು ಬಿಡಬೇಕು. ಅನುಕೂಲಸ್ಥರು ಹೊಲದಲ್ಲಿ ಗುಡಿಸಲು ಹಾಕಿಕೊಂಡರಂತೆ. ಹೊಲ ಇಲ್ಲದ ನಮ್ಮಂಥವರು ಬೆಟ್ಟಕ್ಕೆ ಹೋದರು. ಮುತ್ತಜ್ಜಿಗೆ ಆಗ ಎಂಟೋ ಒಂಬತ್ತೋ. ಬಂಡೆಯ ದೊಣೆಯಿಂದ ನೀರು ತರುವುದು ಅವಳ ಕೆಲಸ. ರಾತ್ರಿ ಗವಿಯ ಬಾಯಲ್ಲಿ ಬೆಂಕಿ ಆರದ ಹಾಗೆ ನೋಡಿಕೊಳ್ಳಬೇಕು, ಚಿರತೆ ಬರುತ್ತೆ ಅಂತ. ಅವಳ ಒಬ್ಬ ತಮ್ಮ ಅಲ್ಲೇ ಹೋದ. ಪ್ಲೇಗಿನಿಂದಲ್ಲ, ಚಳಿಜ್ವರದಿಂದ. ಆ ಮಗುವಿನ ಹೆಸರು ಅಜ್ಜಿಗೂ ಗೊತ್ತಿಲ್ಲ.

"ನಾನು ನೋಡಿದ್ದು ಅದೇ ಗವಿ ಇರಬಹುದಾ?" ಅಂದೆ.

"ಯಾರ್ ಕಂಡವ್ರೆ? ಬೆಟ್ಟದ ತುಂಬ ಗವಿಗಳೇಯ. ಎಲ್ಲಾದ್ರಲ್ಲೂ ಮಸಿ ಇದ್ದದ್ದೇಯ" ಅಂದಳು.

ಅಜ್ಜಿ ಹೇಳಿದ್ದು ಸರಿ. ಕುರಿ ಕಾಯುವವರು ಹಚ್ಚಿದ ಬೆಂಕಿಯೋ, ಸೌದೆಗೆ ಹೋದವರದೋ, ಪ್ಲೇಗಿನವರದೋ, ಮಸಿ ನೋಡಿ ಹೇಳೋಕಾಗಲ್ಲ. ನನ್ನ ಭಾಷೆಯಲ್ಲಿ ಹೇಳುವುದಾದರೆ ಅದೊಂದು ಲಾಗ್ ಫೈಲ್. ಯಾರೋ ಬಂದಿದ್ದರು ಅಂತ ಇದೆ. ಹೆಸರಿಲ್ಲ, ದಿನಾಂಕ ಇಲ್ಲ. ರೆಸಿಡೆಂಟ್ ಸಾಹೇಬನ ಹೆಸರು ಕಲ್ಲಿನ ಹೆಸರಾಗಿ ಉಳಿಯಿತು. ಸೆರೆಯಲ್ಲಿ ಸತ್ತ ರಾಜನ ಹೆಸರು ಚರಿತ್ರೆಯಲ್ಲಿ ಉಳಿಯಿತು. ಇಲ್ಲದ ಊರಿನ ಇಲ್ಲದ ಡಕಾಯಿತನ ಹೆಸರು ಎಲ್ಲರ ಬಾಯಲ್ಲೂ ಇದೆ. ನಿಜವಾಗಿ ಆ ಬಂಡೆಯ ಕೆಳಗೆ ಮಲಗಿ ಎದ್ದವರದ್ದು ಮಾತ್ರ ಬರೀ ಮಸಿ.

ಮಾರನೇ ದಿನ ಗೈಡ್ ಹುಡುಗನಿಗೆ ಫೋನ್ ಮಾಡಿ ಅಜ್ಜಿಯ ಕಥೆ ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದ. "ನಮ್ ತಾತನೂ ಏನೋ ಇಂಥದ್ದೇ ಹೇಳೋರು ಸಾರ್. ಕೇಳ್ಕೊಳ್ಳಲೇ ಇಲ್ಲ. ತೀರ್ಕೊಂಡ್ರು" ಅಂದ. ಮುಂದಿನ ಟೂರಿನಲ್ಲಿ ಆ ಗುಹೆಗೆ ಬಂದಾಗ ಪ್ಲೇಗಿನ ವಿಷಯವನ್ನೂ ಹೇಳುತ್ತೇನೆ ಅಂತಲೂ ಅಂದ. ಹೇಳುತ್ತಾನೋ ಇಲ್ಲವೋ.

ನಿಮ್ಮೂರಿನಲ್ಲೂ ಒಂದು ಬಂಡೆ, ಒಂದು ಗವಿ ಇದ್ದೇ ಇರುತ್ತೆ. ಅದರ ಕಥೆ ಗೊತ್ತಿರುವ ಅಜ್ಜಿಯೋ ತಾತನೋ ಮನೆಯಲ್ಲಿದ್ದರೆ ಈ ವಾರವೇ ಕೂತು ಕೇಳಿ. ಕೇಳಿದ್ದನ್ನ ಬರೆದಿಡಿ. ನಾನಂತೂ ಬರೆದಿಟ್ಟೆ.