ಕೃಷ್ಣಾ ಕಣಿವೆಯ ದ್ರಾಕ್ಷಿ ಮತ್ತು ಸ್ಪೇನಿನ ಗಾರ್ನಾಚಾ: ಎರಡು ಒಣನಾಡುಗಳ ವೈನ್ ಚರಿತ್ರೆ

2007ರ ಕರ್ನಾಟಕ ದ್ರಾಕ್ಷಿ ಸಂಸ್ಕರಣೆ ಮತ್ತು ವೈನ್ ನೀತಿಯು ನಂದಿ ಕಣಿವೆಯ ಜೊತೆಗೆ ಕೃಷ್ಣಾ ಕಣಿವೆಯನ್ನೂ ವೈನ್ ವಲಯವೆಂದು ಗುರುತಿಸಿತು. ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿ ತಾಲ್ಲೂಕುಗಳು ಈ ವಲಯಕ್ಕೆ ಸೇರುತ್ತವೆ. ಆದರೂ ಇಲ್ಲಿನ ದ್ರಾಕ್ಷಿ ಪಡಗಳ ಫಸಲು ಮುಖ್ಯವಾಗಿ ತಾಜಾ ಹಣ್ಣಿನ ಪೇಟೆಗೆ ಇಲ್ಲವೇ ಒಣಗಿಸುವ ಶೆಡ್ಡಿಗೆ ಹೋಗುತ್ತದೆ. ಇದರ ಕಾರಣವನ್ನು ಹವಾಮಾನದಲ್ಲಿ ಮಾತ್ರ ಹುಡುಕಿದರೆ ಸಾಲದು. ಹಣ್ಣನ್ನು ಸಂಸ್ಕರಿಸುವ ಹಕ್ಕು ಯಾರ ಕೈಯಲ್ಲಿದೆ ಎಂಬುದನ್ನೂ ನೋಡಬೇಕು ಎಂಬುದು ಈ ಲೇಖನದ ವಾದ.

ನೀರು ಬಂದ ಬಗೆ

ದಖ್ಖನಿಗೆ ದ್ರಾಕ್ಷಿ ಹೊಸದಲ್ಲ. 14ನೆಯ ಶತಮಾನದ ಪ್ರವಾಸಿ ಇಬ್ನ್ ಬತೂತ ದೌಲತಾಬಾದಿನ ದ್ರಾಕ್ಷಿ, ದಾಳಿಂಬೆಗಳನ್ನು ದಾಖಲಿಸಿದ್ದಾನೆ. ಆದರೆ ಇಂದಿನ ಪಡಗಳ ಚರಿತ್ರೆ 20ನೆಯ ಶತಮಾನದ ಉತ್ತರಾರ್ಧದ್ದು. ಥಾಮ್ಸನ್ ಸೀಡ್‌ಲೆಸ್ ತಳಿ ಮತ್ತು ಹನಿ ನೀರಾವರಿ ಅದರ ಆಧಾರ. 1989ರಲ್ಲಿ ಸಿದ್ದು ನ್ಯಾಮಗೌಡರ ಮುಂದಾಳತ್ವದಲ್ಲಿ ಜಮಖಂಡಿ ಭಾಗದ ರೈತರು ವಂತಿಗೆ, ಶ್ರಮದಾನಗಳಿಂದ ಚಿಕ್ಕಪಡಸಲಗಿಯಲ್ಲಿ ಕೃಷ್ಣೆಗೆ ಶ್ರಮಬಿಂದು ಸಾಗರ ಬ್ಯಾರೇಜು ಕಟ್ಟಿದರು. ಈ ಸೀಮೆಯ ಕೃಷಿ ಚರಿತ್ರೆಯಲ್ಲಿ ಅದೊಂದು ದೊಡ್ಡ ತಿರುವು. ಘಟಪ್ರಭೆ, ಕೃಷ್ಣೆಯರ ನೀರು ಹರಿದ ಎರೆಭೂಮಿಯನ್ನು ಕಬ್ಬು ಆವರಿಸಿತು. ದ್ರಾಕ್ಷಿ ನೀರು ಬಸಿಯುವ ಮರಡಿ ನೆಲಗಳಲ್ಲಿ ನಿಂತಿತು.

ಗಾರ್ನಾಚಾದ ಪಾಠ

ಇಂಥದೇ ಒಣನಾಡಾದ, ಸ್ಪೇನಿನ ಈಶಾನ್ಯದ ಅರಗಾನ್ ಗಾರ್ನಾಚಾ ಎಂಬ ದ್ರಾಕ್ಷಿ ತಳಿಯ ತವರು ಎಂದು ಹಲವು ವಿದ್ವಾಂಸರು ನಂಬುತ್ತಾರೆ. ಸಾರ್ಡೀನಿಯಾ ದ್ವೀಪದ ಪರವಾಗಿಯೂ ವಾದವಿದೆ. ಫ್ರೆಂಚರು ಇದನ್ನೇ ಗ್ರೆನಾಶ್ ಎನ್ನುತ್ತಾರೆ. ಬರ, ಬಿಸಿಲು, ಗಾಳಿಗಳನ್ನು ತಡೆಯುವ ಈ ಬಳ್ಳಿಯನ್ನು ಸ್ಪೇನಿನಲ್ಲಿ ಚಪ್ಪರವಿಲ್ಲದೆ ಮೋಟು ಪೊದೆಯಾಗಿ ಬೆಳೆಸುವ ರೂಢಿಯಿದೆ. ಹಣ್ಣಿನಲ್ಲಿ ಸಕ್ಕರೆ ಹೇರಳ. ಅದೆಲ್ಲವೂ ಹುದುಗಿ ಮುಗಿದಾಗ ಸಿಹಿಯುಳಿಯದ, ಶೇ. 14–15 ಮದ್ಯಸಾರದ ಡ್ರೈ ಕೆಂಪು ವೈನ್ ಸಿದ್ಧವಾಗುತ್ತದೆ. ಬಣ್ಣ, ಒಗರು ಮಾತ್ರ ಕಡಿಮೆ.

ಈ ತಳಿಗೆ ಬಹುಕಾಲ ಮರ್ಯಾದೆ ಇರಲಿಲ್ಲ. ಅಗ್ಗದ ವೈನಿಗೆ ಬೆರಕೆಯೆಂದು ಬಳಕೆಯಾಯಿತು. ಹಳೆಯ ಬಳ್ಳಿಗಳನ್ನು ಅಪಾರ ಪ್ರಮಾಣದಲ್ಲಿ ಕಿತ್ತರು. 1989ರ ಸುಮಾರಿಗೆ ಪ್ರಿಯೊರಾಟ್ ಸೀಮೆಯಲ್ಲಿ ರೆನೆ ಬಾರ್ಬಿಯೆ, ಆಲ್ವಾರೊ ಪಲಾಸಿಯೊಸ್ ಮೊದಲಾದ ವೈನ್ ತಯಾರಕರು ಕಲ್ಲುನೆಲದ ಹಳೆಯ ಬಳ್ಳಿಗಳಿಂದ ಉತ್ಕೃಷ್ಟ ವೈನ್ ತೆಗೆದು ಈ ತಳಿಯ ಹೆಸರನ್ನು ಮೇಲೆತ್ತಿದರು. ಅರಗಾನಿನಲ್ಲಿ ಆ ಕೆಲಸ ರೈತರ ಸಹಕಾರಿ ಸಂಘಗಳಿಂದ ನಡೆಯಿತು: 1958ರಲ್ಲಿ ಬೋರ್ಜಾ ಊರಿನಲ್ಲಿ ಹುಟ್ಟಿದ ಸಂಘ 2001ರಲ್ಲಿ ನೆರೆಯೂರುಗಳ ಸಂಘಗಳೊಂದಿಗೆ ಒಂದಾಗಿ ಬೋರ್ಸಾವೊ ಎಂಬ ಹೆಸರಿನಲ್ಲಿ ಲೋಕದ ಪೇಟೆಗಿಳಿಯಿತು.

ಸಾಮ್ಯ, ವ್ಯತ್ಯಾಸ

ಒಣಹವೆ ಎರಡೂ ಕಡೆ ಉಂಟು, ಋತುಚಕ್ರ ಬೇರೆ. ಅರಗಾನಿನ ಬಳ್ಳಿ ಚಳಿಗಾಲದಲ್ಲಿ ಎಲೆಯುದುರಿಸಿ ಮಲಗುತ್ತದೆ. ನಮ್ಮ ಬಳ್ಳಿಗೆ ಆ ವಿಶ್ರಾಂತಿಯಿಲ್ಲ. ಆದ್ದರಿಂದಲೇ ಏಪ್ರಿಲ್ ಚಾಟನಿ, ಅಕ್ಟೋಬರ್ ಚಾಟನಿ ಎಂದು ವರ್ಷಕ್ಕೆ ಎರಡು ಬಾರಿ ಸವರಿ ಒಂದು ಫಸಲು ತೆಗೆಯುತ್ತಾರೆ. ಗಾರ್ನಾಚಾ ತಡವಾಗಿ ಮಾಗುವ ತಳಿ. ಇಲ್ಲಿ ಅದು ಮಾರ್ಚಿನ ಬಿಸಿಲಿಗೆ ಸಿಕ್ಕರೆ ಸಕ್ಕರೆ ಏರುತ್ತದೆ, ಹುಳಿ ಇಳಿಯುತ್ತದೆ, ವೈನ್ ಸಪ್ಪೆಯಾಗುತ್ತದೆ. ಚಾಟನಿಯನ್ನು ಮೊದಲೇ ಮಾಡಿದರೆ ಹಿಂಗಾರು ಮಳೆಯಲ್ಲಿ ಡೌನಿ ರೋಗದ ಭಯ. ಸವರುವ ದಿನವನ್ನು ಹೊಂದಿಸುವುದೇ ಇಲ್ಲಿ ನಡೆಯಬೇಕಾದ ಮೊದಲ ಪ್ರಯೋಗ. 2008ರಲ್ಲಿ ಸ್ಥಾಪನೆಯಾದ ಬಾಗಲಕೋಟೆಯ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯಕ್ಕೆ ಇದು ತಕ್ಕ ಕೆಲಸ.

ಆರ್ಥಿಕ ಕಾರಣ ಇನ್ನೂ ಬಲವಾದದ್ದು. ಸುಮಾರು ನಾಲ್ಕು ಕಿಲೋ ಹಣ್ಣು ಒಣಗಿ ಒಂದು ಕಿಲೋ ಒಣದ್ರಾಕ್ಷಿಯಾದರೆ ರೈತ ಅದನ್ನು ಶೀತಲಗೃಹದಲ್ಲಿಟ್ಟು ಬೆಲೆಗಾಗಿ ಕಾಯಬಲ್ಲ. ವೈನ್ ತಳಿ ಬೆಳೆದವನಿಗೆ ವೈನರಿಯೊಂದೇ ಗಿರಾಕಿ. 2008ರ ಜಾಗತಿಕ ಹಿಂಜರಿತದ ಬಳಿಕ ವೈನ್ ಉದ್ಯಮ ಕುಸಿದಾಗ ನಾಸಿಕ್ ಸೀಮೆಯ ಅನೇಕರು ಬಳ್ಳಿ ಕಿತ್ತುಹಾಕಿದ್ದು ಇದೇ ಕಾರಣಕ್ಕೆ. ಹಾಗಾಗಿ ಕೃಷ್ಣಾ ಕಣಿವೆಯ ರೈತ ಒಣದ್ರಾಕ್ಷಿಯನ್ನು ಆರಿಸಿಕೊಂಡದ್ದು ಹಿಂದುಳಿದಿರುವಿಕೆಯ ಗುರುತಲ್ಲ, ಲೆಕ್ಕ ಬಲ್ಲವನ ವಿವೇಕ.

ನೀತಿ ಬರೆದರೆ ವೈನ್ ಸೀಮೆ ಹುಟ್ಟದು. ಬೋರ್ಸಾವೊದಂತೆ ಹುದುಗಿಸುವ ತೊಟ್ಟಿಯೂ ದಾಸ್ತಾನಿನ ಉಗ್ರಾಣವೂ ಬೆಳೆಗಾರರ ಒಡೆತನಕ್ಕೆ ಬಂದಾಗಲೇ ಕಾಯುವ ಬಲ ಅವರಿಗೆ ಬರುತ್ತದೆ. ನದಿಗೇ ಕಟ್ಟೆ ಹಾಕಿದ ಸಹಕಾರದ ಪರಂಪರೆ ಜಮಖಂಡಿ ಸೀಮೆಗಿದೆ. ವೈನ್ ವಲಯದ ಯೋಜನೆ ಅಲ್ಲಿಂದಲೇ ಶುರುವಾಗಬೇಕು.